ಬೇಕಲದಲ್ಲಿ ಕಲಿತ ಅಳತೆ

ಕಾಸರಗೋಡಿನಿಂದ ತೆಂಕಣಕ್ಕೆ ಹೊರಟು ಚಂದ್ರಗಿರಿ ಹೊಳೆಯನ್ನು ದಾಟಿದರೆ ಬೇಕಲದ ಕೋಟೆ ಬಹಳ ದೂರವಿಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆಂದು ಹೇಳಲಾಗುವ ಈ ಮುರಕಲ್ಲಿನ ಕೋಟೆ, ಗಡಿನಾಡಿನ ಕನ್ನಡಿಗರಾದ ನಮಗೆ ನೆಂಟಸ್ತಿಕೆಯ ತಾಣ.

ಕಳೆದ ವರ್ಷದ ಮಾಗಿಯಲ್ಲಿ ನಾವು ನಾಲ್ವರು ಗೆಳತಿಯರು ಅಲ್ಲಿಗೆ ಹೋಗಿದ್ದೆವು. ನಮ್ಮಲ್ಲೊಬ್ಬರು ಇಪ್ಪತ್ತು ವರ್ಷಗಳಿಂದ ಗಾಲಿಕುರ್ಚಿಯಲ್ಲಿ ಸಂಚರಿಸುವವರು; ಶಾಲೆಯಲ್ಲಿ ಕಲಿಸಿದವರಾದ್ದರಿಂದ ಊರಿಗೆಲ್ಲ ಅವರು ‘ಟೀಚರ್’.

ಕೋಟೆಯ ವೀಕ್ಷಣಾ ಬುರುಜಿಗೆ ಇಳಿಜಾರಾದ ಏರುದಾರಿಯಿದೆ. ಅದನ್ನು ಕಂಡು ನಾವು ಹಿಗ್ಗಿದೆವು. ಟೀಚರ್ ನಕ್ಕರು: “ಇಳಿಜಾರು ಎಂದ ಮಾತ್ರಕ್ಕೆ ಅದು ನನ್ನ ದಾರಿಯಲ್ಲ. ನೀವು ಹೋಗಿ ಬನ್ನಿ.” ನಾವು ಮೇಲೆ ನಿಂತು ಕಡಲನ್ನು ನೋಡಿದೆವು, ಅವರು ಕೆಳಗೆ ಕುಳಿತು ನಮ್ಮ ಚೀಲಗಳನ್ನು ನೋಡಿಕೊಂಡರು.

ಆ ಮಾತಿನ ಅರ್ಥ ನಮಗೆ ತಿಳಿದದ್ದು ಇರುಳು ತಂಗಿದ ವಸತಿಗೃಹದಲ್ಲಿ. ಅಲ್ಲಿನ ಯಜಮಾನರು ಸಜ್ಜನರು. “ನಮ್ಮಲ್ಲಿ ರ‍್ಯಾಂಪ್ ಇದೆ” ಎಂದು ಫೋನಿನಲ್ಲಿ ಅಭಿಮಾನದಿಂದಲೇ ಹೇಳಿದ್ದರು. ಒಂದಡಿ ಎತ್ತರದ ಜಗಲಿಗೆ ಇದ್ದುದು ನಾಲ್ಕಡಿ ಉದ್ದದ ರ‍್ಯಾಂಪ್! ಇಬ್ಬರು ಹಿಂದಿನಿಂದ ನೂಕಿ ಕುರ್ಚಿಯನ್ನು ಹತ್ತಿಸಿದೆವು. ಬಚ್ಚಲಿನ ಬಾಗಿಲು ಕುರ್ಚಿಗಿಂತ ಕಿರಿದು. ಆ ರಾತ್ರಿ ಟೀಚರ್ ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಕಾರಣವನ್ನು ನಾವು ಕೇಳಬೇಕಾಗಿರಲಿಲ್ಲ.

ಬೆಳಗ್ಗೆ ಯಜಮಾನರೇ ಬಂದು, “ಟೀಚರೇ, ಏನು ಸರಿಪಡಿಸಬೇಕು, ಹೇಳಿ” ಎಂದರು.

“ಹೇಳುತ್ತೇನೆ. ಆದರೆ ಎಂಜಿನಿಯರರಿಗೆ ಕೊಡುವಂತೆ ನನಗೂ ಸಂಭಾವನೆ ಕೊಡಬೇಕು.”

ಯಜಮಾನರು ತಬ್ಬಿಬ್ಬಾದರು. ನಮಗೂ ಸಂಕೋಚವೆನಿಸಿತೆಂಬುದನ್ನು ಮುಚ್ಚಿಡಲಾರೆವು. ಟೀಚರ್ ಶಾಂತವಾಗಿಯೇ ಅಂದರು: “ಇದು ಇಪ್ಪತ್ತು ವರ್ಷದ ಕಲಿಕೆ. ಪುಕ್ಕಟೆಯಾಗಿ ಹೇಳಿದರೆ ನೀವು ಪುಣ್ಯಕ್ಕೆಂದು ಅರ್ಧ ಮಾಡಿ ಬಿಡುತ್ತೀರಿ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಖಾಸಗಿಯವರಿಗೂ ಅನ್ವಯಿಸುತ್ತದೆ. ಇದು ದಯೆಯ ವಿಷಯವಲ್ಲ.”

ಯಜಮಾನರು ಒಪ್ಪಿದರು. ಅಳತೆಯ ಟೇಪು ಬಂತು. ಒಂದಡಿ ಎತ್ತರಕ್ಕೆ ಕಡಿಮೆಯೆಂದರೂ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅಂಗಳದ ಬದಿಯಿಂದ ಅದನ್ನು ತರಬಹುದೆಂದು ಟೀಚರ್ ತೋರಿಸಿದರು. ಬಾಗಿಲಿನ ಅಗಲ ೯೦ ಸೆಂಟಿಮೀಟರ್. ಅದು ಹೊರಕ್ಕೆ ತೆರೆಯಬೇಕು. ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಗೋಡೆಗೆ ಗಟ್ಟಿಯಾದ ಹಿಡಿಕೆ. ಚಿಲಕವೂ ನಲ್ಲಿಯೂ ಕುಳಿತವರ ಕೈಗೆ ಎಟಕಬೇಕು. ಬರೆದುಕೊಂಡ ಯಜಮಾನರು, “ಇಷ್ಟಾದರೆ ಎಲ್ಲರಿಗೂ ಆಯಿತಲ್ಲ?” ಎಂದರು.

“ಇಲ್ಲ. ನನಗೆ ಗೊತ್ತಿರುವುದು ಗಾಲಿಯ ಕಷ್ಟ. ಕಣ್ಣು ಕಾಣದವರದ್ದು, ಕಿವಿ ಕೇಳದವರದ್ದು ಬೇರೆ. ಅವರನ್ನೂ ಕರೆಸಿ ಕೇಳಿ. ಅವರಿಗೂ ಸಂಭಾವನೆ ಕೊಡಿ.”

ಈ ವರ್ಷ ಮಳೆ ನಿಂತ ಮೇಲೆ ಯಜಮಾನರ ಕರೆಯಂತೆ ಮತ್ತೆ ಹೋದೆವು. ಅಂಗಳವನ್ನು ಬಳಸಿ ಬಂದ ಉದ್ದನೆಯ ಇಳಿಜಾರಿನಲ್ಲಿ ಟೀಚರ್ ತಾವೇ ಗಾಲಿ ತಿರುಗಿಸಿಕೊಂಡು ಏರಿದರು. ನೂಕಲು ಮುಂದಾದ ನಮ್ಮ ಕೈಗಳು ಸುಮ್ಮನೆ ಹಿಂದೆ ಸರಿದವು. ಒಂದು ದೊಡ್ಡ ಲೋಟ ಮಜ್ಜಿಗೆ ಕೇಳಿ ತರಿಸಿಕೊಂಡು ಕುಡಿದರು. ಸ್ವಲ್ಪ ಹೊತ್ತಿನ ಮೇಲೆ ಬಚ್ಚಲಿನ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.