ಸೂಜಿಯ ನಂಜು

ನಮ್ಮ ಕುಂದಾಪುರದ ಕಡೆ 'ನಂಜು' ಎಂಬ ಶಬ್ದವನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ಇರಲಾರರು. ಕಾಲಿಗೆ ಮುಳ್ಳು ಹೆಟ್ಟಿದರೆ ಬದನೆಕಾಯಿ ನಂಜು. ಬಾಣಂತಿಗೆ ಚಟ್ಲಿ ನಂಜು. ಹೊಲಿಗೆ ಹಾಕಿದ ಗಾಯ ಒಣಗುವವರೆಗೆ ಒಣಮೀನಿನ ವಾಸನೆಯೂ ನಂಜು ಎನ್ನುವ ಅತ್ತೆಯಂದಿರನ್ನು ಕಂಡಿದ್ದೇನೆ. ಇದಕ್ಕೆಲ್ಲ ಶಾಸ್ತ್ರಾಧಾರ ಕೇಳಿ ಜಗಳವಾಡುವ ಉಮೇದು ನನಗಿಲ್ಲ. ನಾಲ್ಕು ದಿನ ಬದನೆಕಾಯಿ ತಿನ್ನದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಆ ಪಥ್ಯದ ನೆವದಲ್ಲಿ ಹೆಂಗಸರಿಗೆ ನಾಲ್ಕು ದಿನ ಒಲೆಯಿಂದ ಬಿಡುವು ಸಿಕ್ಕಿದ್ದೂ ಉಂಟು.

ಆದರೆ ಈಚಿನ ವರ್ಷಗಳಲ್ಲಿ ಈ ನಂಜಿನ ಬೆನ್ನೇರಿ ಹೊಸ ಮಾತೊಂದು ಮನೆಯೊಳಗೆ ಬಂದು ಕೂತಿದೆ. ಅದರ ಹೆಸರು ಡಿಟಾಕ್ಸ್. ಊರಿಗೊಬ್ಬರಾದರೂ ಬೆಂಗಳೂರಿನಲ್ಲಿ ಹೋಟೆಲು ಇಟ್ಟವರೋ ದುಬೈಯಲ್ಲಿ ನೌಕರಿ ಮಾಡುವವರೋ ಇರುವ ಸೀಮೆ ನಮ್ಮದು. ಅವರ ಫೋನಿನಿಂದ ಹೊರಟದ್ದು ಅರ್ಧ ಗಂಟೆಯಲ್ಲಿ ಬೈಂದೂರು, ಕುಂದಾಪುರ, ಬ್ರಹ್ಮಾವರ ಎಲ್ಲ ಸುತ್ತಿ ಬರುತ್ತದೆ. ಲಸಿಕೆಯ ಸೂಜಿಯಿಂದ ಮೈಗೆ ಪಾದರಸ ಸೇರಿದೆ, ವಿಷ ಸೇರಿದೆ, ಅದನ್ನು ಹೊರಗೆ ತೆಗೆಯಬೇಕು ಎಂಬುದು ಅದರ ತಾತ್ಪರ್ಯ. ಕೇಳಿದವರಿಗೆ ಹೊಸದು ಅನ್ನಿಸುವುದೇ ಇಲ್ಲ. ನಂಜು ತೆಗೆಯುವುದು ಎಂದರೆ ನಮಗೆ ಗೊತ್ತಿದ್ದದ್ದೇ ತಾನೆ!

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ನಾನು ದೊಡ್ಡಮ್ಮ ಎಂದು ಕರೆಯುವ ಹಿರಿಯರೊಬ್ಬರ ಮನೆಗೆ ಮಗಳು ಹೆರಿಗೆಗೆ ಬಂದಿದ್ದಳು. ಮಗುವಿಗೆ ಆರು ವಾರ ತುಂಬಿ, ಲಸಿಕೆ ಹಾಕಿಸಿಕೊಂಡು ಬಂದ ದಿನ ಸಂಜೆ ಜ್ವರ ಕಾಣಿಸಿತು. ತೊಡೆ ಸ್ವಲ್ಪ ಊದಿತ್ತು. ನಾನು ಹೋಗುವ ಹೊತ್ತಿಗೆ ದೊಡ್ಡಮ್ಮನ ಕೈಯಲ್ಲಿ ಒಂದು ಕಾಗದದ ಪೊಟ್ಟಣ ಇತ್ತು. ನೆಂಟರೊಬ್ಬರು ಮೊದಲೇ ತರಿಸಿ ಕೊಟ್ಟಿದ್ದ ಬೂದುಬಣ್ಣದ ಪುಡಿ. ಹರಳೆಣ್ಣೆಯಲ್ಲಿ ಕಲಸಿ ಮೂರು ದಿನ ಕೊಡಬೇಕಂತೆ.

"ಕಾಣ್, ಮಗಿನ ಮೈ ಕೆಂಡದ ಹಾಂಗೆ ಆಯ್ತ್. ಇದ್ ಆ ಸೂಜಿ ನಂಜೇ ಅಲ್ದಾ?" ಎಂದರು ದೊಡ್ಡಮ್ಮ.

ಮಗಳು ಪೊಟ್ಟಣವನ್ನು ತಿರುಗಿಸಿ ನೋಡಿದಳು. "ಅಮ್ಮ, ಇದ್ರ್ ಮೇಲೆ ಹೆಸ್ರೇ ಇಲ್ಲ. ಹೆಸ್ರಿಲ್ದಿದ್ ಸಾಬೂನ್ ತಂದ್ರೆ ವಾಪಸ್ ಕೊಟ್ಟ್ ಬಾ ಅಂಬುದ್ ನೀನೇ ಅಲ್ದಾ?" ಎಂದು ಕೇಳಿದಳು. ಆಮೇಲೆ ಜೊತೆಗಿದ್ದ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಬೇಧಿಯಾದರೆ ಹೆದರಬಾರದು, ನಂಜು ಹೊರಗೆ ಹೋಗುತ್ತಿದೆ ಎಂದು ತಿಳಿಯಬೇಕು ಎಂಬುದು ಅದರ ಒಕ್ಕಣೆ.

ದೊಡ್ಡಮ್ಮ ಮಾತಾಡಲಿಲ್ಲ. ಅವರ ಚೊಚ್ಚಲ ಮಗು ಏಳು ತಿಂಗಳಿದ್ದಾಗ ಬೇಧಿಯಿಂದಲೇ ಹೋದದ್ದು. ಆಗ ಅವರ ಸಂಸಾರ ಗಂಗೊಳ್ಳಿಯಲ್ಲಿ. ಆಷಾಢದ ಗಾಳಿಗೆ ಪಂಚಗಂಗಾವಳಿಯಲ್ಲಿ ದೋಣಿ ಬಿಡಲಿಲ್ಲ. ಬೆಳಗಾಗುವಷ್ಟರಲ್ಲಿ ಮಗು ಬಾಡಿಹೋಗಿತ್ತು. ಅವರು ಪೊಟ್ಟಣವನ್ನು ನೆಲದ ಮೇಲಿಟ್ಟು ಮಗುವನ್ನು ಎತ್ತಿಕೊಂಡರು. ಆಶಾ ಕಾರ್ಯಕರ್ತೆಗೆ ಫೋನು ಹೋಯಿತು. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಜ್ವರದ ಹನಿಯನ್ನು ತೂಕಕ್ಕೆ ತಕ್ಕಷ್ಟು ಹೇಗೆ ಅಳೆದು ಹಾಕಬೇಕೆಂದು ಆಕೆ ಬಂದು ತೋರಿಸಿಕೊಟ್ಟಳು. ಮಾರನೆಯ ದಿನ ಮಧ್ಯಾಹ್ನ ಜ್ವರ ಇಳಿದಿತ್ತು. ಪೊಟ್ಟಣವನ್ನು ಆಕೆಯೇ ತೆಗೆದುಕೊಂಡು ಹೋದಳು.

ಆ ಚೀಟಿಯ ಮಾತು ನನ್ನನ್ನು ಬಹಳ ದಿನ ಕಾಡಿತು. ಮಗು ವಾಂತಿ ಮಾಡಿದರೆ ವಿಷ ಹೊರಗೆ ಬಂತು. ಬೇಧಿಯಾದರೆ ವಿಷ ಹೊರಗೆ ಬಂತು. ಸೋತು ಮಲಗಿದರೆ ಮೈ ಶುದ್ಧವಾಗುತ್ತಿದೆ. ಅಂದರೆ ಮದ್ದಿನಿಂದ ಕೆಡುಕಾದಷ್ಟೂ ಮದ್ದಿಗೇ ಹೆಸರು. ತಾಯಿ ಯಾವುದನ್ನು ಕಂಡು ಓಡೋಡಿ ಆಸ್ಪತ್ರೆಗೆ ಹೋಗಬೇಕೋ ಅದನ್ನೇ ಕಂಡು ಸಮಾಧಾನದಿಂದ ಕೂರಬೇಕು ಎಂದು ಹೇಳಿಕೊಡುವ ವೈದ್ಯ ಇದು. ಆರು ವಾರದ ಮಗುವಿನ ಮೈಯಲ್ಲಿ ಇರುವ ನೀರು ಎಷ್ಟು? ನಾಲ್ಕಾರು ಸಲ ಬೇಧಿಯಾದರೆ ನೆತ್ತಿ ಗುಳಿಬೀಳುತ್ತದೆ, ಮೂತ್ರ ನಿಲ್ಲುತ್ತದೆ. ಆಮೇಲೆ ಮಾತಿಗೆ ಸಮಯವಿರುವುದಿಲ್ಲ.

ಹಾಗಾದರೆ ಜ್ವರ ಯಾಕೆ ಬರುತ್ತದೆ ಎಂದು ನೀವು ಕೇಳಬಹುದು. ಲಸಿಕೆಯಲ್ಲಿರುವುದು ಸತ್ತ ಅಥವಾ ಬಲಗುಂದಿದ ರೋಗಾಣು, ಇಲ್ಲವೇ ಅದರ ಒಂದು ತುಣುಕು. ಮೈ ಅದನ್ನು ಶತ್ರುವಿನ ಗುರುತೆಂದು ಕಲಿತುಕೊಳ್ಳುತ್ತದೆ. ಆ ಕಲಿಕೆಯ ಗದ್ದಲವೇ ಒಂದೆರಡು ದಿನದ ಜ್ವರ, ಬಾವು. ಲಸಿಕೆಯ ಸಾಮಗ್ರಿಯನ್ನು ಮೈಯೇ ಒಡೆದು ವಿಲೇವಾರಿ ಮಾಡುತ್ತದೆ. ಉಳಿಯುವುದು ನೆನಪು ಮಾತ್ರ. ಆ ನೆನಪನ್ನು ಬೇಧಿಯಿಂದ ತೆಗೆಯಲಿಕ್ಕಾಗದು, ತೆಗೆಯಬೇಕಾದ್ದೂ ಅಲ್ಲ.

ಪಾದರಸದ ಮಾತಿಗೂ ಒಂದು ಎಳೆ ಸತ್ಯವಿದೆ. ಅದಕ್ಕೇ ಜನ ನಂಬುವುದು. ಒಂದೇ ಸೀಸೆಯಿಂದ ಹಲವು ಮಕ್ಕಳಿಗೆ ಕೊಡುವ ಕೆಲವು ಲಸಿಕೆಗಳು ಕೆಡದಿರಲೆಂದು ಥಯೋಮರ್ಸಾಲ್ ಎಂಬ ಪಾದರಸದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಅದು ಮೈಯಲ್ಲಿ ಇಥೈಲ್ ಪಾದರಸವಾಗುತ್ತದೆ. ದೊಡ್ಡ ಮೀನುಗಳಲ್ಲಿ ಸೇರಿಕೊಳ್ಳುವ ಮಿಥೈಲ್ ಪಾದರಸ ಬೇರೆ. ಅದರ ಅರ್ಧಾಂಶ ಹೋಗಲು ಒಂದೂವರೆ ತಿಂಗಳ ಆಸುಪಾಸು ಬೇಕು. ಇದರ ಅರ್ಧಾಂಶ ರಕ್ತದಿಂದ ಹೋಗಲು ಸುಮಾರು ಒಂದು ವಾರ ಸಾಕು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯಕ್ಕೆ ಗಾಳಿ ಹಾಕಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂದೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಅವರ ವೈದ್ಯ ನೋಂದಣಿಯೂ ರದ್ದಾಯಿತು.

ಇನ್ನು ಈ ಇಲ್ಲದ ವಿಷ ತೆಗೆಯಲು ಬಂದ ಮದ್ದುಗಳ ಕತೆ. ಅಮೆರಿಕದಲ್ಲಿ 2005ರಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನಿಗೆ ಲೋಹ ತೆಗೆಯುತ್ತೇವೆಂದು ಇಡಿಟಿಎ ಎಂಬ ಮದ್ದನ್ನು ನರಕ್ಕೆ ಕೊಟ್ಟರು. ಅದು ರಕ್ತದ ಕ್ಯಾಲ್ಸಿಯಮ್ಮನ್ನೇ ಎಳೆದುಕೊಂಡಿತು, ಹೃದಯ ನಿಂತಿತು. ಬಟ್ಟೆ ಬಿಳುಪು ಮಾಡುವ ಬ್ಲೀಚಿನ ಜಾತಿಯ ಕ್ಲೋರಿನ್ ಡೈಆಕ್ಸೈಡನ್ನು 'ಪವಾಡದ ದ್ರಾವಣ' ಎಂದು ಮಕ್ಕಳಿಗೆ ಕುಡಿಸುವವರೂ ಹುಟ್ಟಿಕೊಂಡರು. ಅಮೆರಿಕದ ಔಷಧ ಇಲಾಖೆ 2010ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಎಚ್ಚರಿಕೆ ಕೊಡಬೇಕಾಯಿತು. 2021ರಲ್ಲಿ ಕೋವಿಡ್ ಲಸಿಕೆಯನ್ನು 'ತೊಳೆದು ತೆಗೆಯಲು' ಬೋರಾಕ್ಸ್ ಬೆರೆಸಿದ ನೀರಿನಲ್ಲಿ ಸ್ನಾನ ಮಾಡಿ ಎಂಬ ಉಪದೇಶ ಅಲ್ಲಿಂದಲೇ ಹೊರಟಿತು. ಬೋರಾಕ್ಸ್ ಎಂದರೆ ನಮ್ಮ ಬಿಳಿಗಾರ. ಅದು ಚರ್ಮವನ್ನೂ ಕಣ್ಣನ್ನೂ ಉರಿಸೀತೇ ಹೊರತು ಮೈಯೊಳಗೆ ಸೇರಿದ ಲಸಿಕೆಯನ್ನು ಮುಟ್ಟುವುದೂ ಇಲ್ಲ.

ಅದು ಅಮೆರಿಕದವರ ಹುಚ್ಚು ಎಂದು ನಗುವ ಹಾಗಿಲ್ಲ. ನಮ್ಮ ಅಡುಗೆಮನೆಯ, ದೇವರಕೋಣೆಯ ವಸ್ತುಗಳೂ ಶಿಶುವಿಗೆ ಸಾಧುವಲ್ಲ. ಬೇವಿನೆಣ್ಣೆ ಕುಡಿಸಿದ ಮಕ್ಕಳಿಗೆ ಫಿಟ್ಸ್ ಬಂದು ಯಕೃತ್ತೂ ಮೆದುಳೂ ಕೆಟ್ಟದ್ದನ್ನು ಮಲೇಷ್ಯಾದ ವೈದ್ಯರು 1981ರಲ್ಲಿಯೇ ಬರೆದರು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ವರ್ಷ ತುಂಬದ ಮಗುವಿಗೆ ಜೇನೂ ಸಲ್ಲ. ಬೂದುಬಣ್ಣದ ಪುಡಿ ಎಂದಾಗ ನನಗೆ ನೆನಪಾಗುವುದು ಇನ್ನೊಂದು ಪರೀಕ್ಷೆ. ಬೋಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಸೂಜಿಯ ಪಾದರಸಕ್ಕೆ ಹೆದರಿದವರು ಚಮಚದಲ್ಲಿ ಪಾದರಸ ತಿನ್ನಿಸುವುದೆಂದರೆ ಇದೇ ಅಲ್ಲವೇ?

ದೊಡ್ಡವರ ಪಾಡೂ ಬೇರೆಯಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿಯದ ಮನೆ ನಮ್ಮಲ್ಲಿ ಕಡಿಮೆ. ಅದನ್ನು ಬಹಳ ದಿನ ಸೇವಿಸಿದ ಆರು ಜನರ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಬಳ್ಳಿ ಇದ್ದೀತು ಎಂದಿತು. ಹಾಗೆಂದೇ ಇಟ್ಟುಕೊಳ್ಳೋಣ. ಬಳ್ಳಿ ಯಾವುದೆಂದು ಗೊತ್ತಿಲ್ಲದೆ ಕುದಿಸಿ ಕುಡಿಯುವುದು ಇನ್ನೂ ಅಪಾಯವೇ ತಾನೆ?

2024ರಲ್ಲಿ ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಬಂತು. ಸುದ್ದಿ ನಿಜ, ವೈದ್ಯರಿಗೆ ಅದು 2021ರಲ್ಲಿಯೇ ತಿಳಿದಿತ್ತು. ಆದರೆ ಆ ತೊಂದರೆ ಬರುವುದಿದ್ದರೆ ಲಸಿಕೆ ಹಾಕಿಸಿಕೊಂಡ ಕೆಲವು ವಾರಗಳಲ್ಲಿ ಬರುವಂಥದು. ಮೂರು ವರ್ಷದ ನಂತರ ರಕ್ತ ಶುದ್ಧಿಯ ಕಷಾಯ ಕುಡಿದು ತಡೆಯುವಂಥದಲ್ಲ. 2025ರ ಜೂನ್-ಜುಲೈಯಲ್ಲಿ ಹಾಸನದಲ್ಲಿ ಒಂದರ ಮೇಲೊಂದು ಹೃದಯಾಘಾತದ ಸಾವು ವರದಿಯಾದಾಗ ಮತ್ತೆ ಬೆರಳು ಲಸಿಕೆಯ ಕಡೆಗೇ ಹೋಯಿತು. ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲವೆಂದು ಹೇಳಿತು. ಆ ದಿನಗಳಲ್ಲಿ ನಮ್ಮ ಪರಿಚಯದವರೊಬ್ಬರು ಬಿ.ಪಿ. ಮಾತ್ರೆ ಬಿಟ್ಟು ನಂಜು ತೆಗೆಯುವ ಕಷಾಯ ಹಿಡಿದರು. ಅವರ ಹೆಂಡತಿ ಹಟ ಹಿಡಿದು, ಮಾತ್ರೆ ನುಂಗದೆ ಊಟಕ್ಕೆ ಎಲೆ ಹಾಕಲಿಲ್ಲ. ಗಂಡ ಈಗ ಎರಡನ್ನೂ ಬೈಯುತ್ತಾ ಮಾತ್ರೆಯನ್ನೇ ನುಂಗುತ್ತಾರೆ.

ಸೂಜಿಯ ಭಯ ಇಂದಿನದಲ್ಲ. ಮೈಸೂರಿನಲ್ಲಿ 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೂವರು ಅರಮನೆಯ ಹೆಣ್ಣುಮಕ್ಕಳ ಚಿತ್ರ ಬರೆದ. ಅವರಲ್ಲಿ ಒಬ್ಬಳು ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವುದು ಸಿಡುಬಿನ ಲಸಿಕೆಯ ಜಾಗವನ್ನು, ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ವಯಸ್ಸಿನ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಹೇಳುತ್ತಾರೆ. ಜನರ ಅಂಜಿಕೆ ಬಿಡಿಸಲು ಅಂದು ಒಬ್ಬ ಹುಡುಗಿ ತೋಳು ತೋರಿಸಬೇಕಾಯಿತು. ನಮ್ಮ ದೊಡ್ಡಮ್ಮನ ತೋಳಿನಲ್ಲೂ ದಾಕಿನ ಎರಡು ದುಂಡು ಕಲೆಗಳಿವೆ. ಅವರ ಮಗಳ ತೋಳಿನಲ್ಲಿ ಇಲ್ಲ. 1975ರಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಕಂಡ ಮೇಲೆ, 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದ ಮೇಲೆ, ಅದರ ಅಗತ್ಯವೇ ಉಳಿಯಲಿಲ್ಲ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೋ ಕಂಡಿಲ್ಲ. ಹೀಗೆ ರೋಗದ ಮುಖ ಮರೆತುಹೋದಾಗ ಸೂಜಿಯ ಮುಖವೇ ದೊಡ್ಡದಾಗಿ ಕಾಣುತ್ತದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗ ಹಬ್ಬಿದ ಪುಕಾರುಗಳು ನಿಮಗೂ ನೆನಪಿರಬಹುದು.

ಈ ಮದ್ದುಗಳ ಹಿಂದೆ ಇನ್ನೊಂದು ಸಂಗತಿಯನ್ನೂ ಕಂಡಿದ್ದೇನೆ. ಮಗುವಿಗೆ ಜ್ವರ ಬಂದ ರಾತ್ರಿ 'ಸೂಜಿ ಹಾಕಿಸಿದ್ದು ಯಾರು?' ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಯಾವಾಗಲೂ ತಾಯಿಯ ಹೆಸರೇ. ಆ ಮಾತಿನಿಂದ ಪಾರಾಗಲು ಎಷ್ಟೋ ಸೊಸೆಯಂದಿರು ಬೇಡವೆನ್ನಿಸಿದರೂ ಪುಡಿ ಕಲಸುತ್ತಾರೆ. ಅತ್ತೆಯಾಗಲಿ ಅಮ್ಮನಾಗಲಿ ಮಗುವಿಗೆ ಕೆಟ್ಟದ್ದು ಬಯಸುವವರಲ್ಲ. ಕೈಕಟ್ಟಿ ಕೂರಲಾಗದೆ ಏನಾದರೂ ಮಾಡಬೇಕು ಎನ್ನುವವರು. ಆದ್ದರಿಂದ ಅವರಿಗೆ ಬೇಡವೆಂದು ಹೇಳಿದರೆ ಸಾಲದು, ಮಾಡಲು ಒಂದು ಕೆಲಸ ಕೊಡಬೇಕು.

ಕೆಲಸ ಬೇಕಷ್ಟಿದೆ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರುವುದು. ತೀವ್ರವಾದ ಒಗ್ಗದಿಕೆ ಬರುವುದಿದ್ದರೆ ಬಹುಮಟ್ಟಿಗೆ ಆ ಹೊತ್ತಿನಲ್ಲೇ. ಮನೆಗೆ ಬಂದು ಪದೇ ಪದೇ ಎದೆಹಾಲು ಕೊಡುವುದು, ಕಂಬಳಿ ಸುತ್ತದೆ ತೆಳು ಬಟ್ಟೆ ಹಾಕುವುದು, ಊದಿದಲ್ಲಿ ತಣ್ಣೀರಿನ ಬಟ್ಟೆ ಇಡುವುದು. ಜ್ವರದ ಹನಿಯನ್ನು ಆಸ್ಪತ್ರೆಯವರು ಹೇಳಿದ ಅಳತೆಗೆ ಮಾತ್ರ ಹಾಕುವುದು. ಹುಟ್ಟಿದಾಗ ಹಾಕಿದ ಬಿ.ಸಿ.ಜಿ. ಕೆಲವು ವಾರದ ಮೇಲೆ ಗುಳ್ಳೆಯಾಗಿ ಒಡೆದು ಕಲೆಯಾಗುತ್ತದೆ. ಅದನ್ನು ಹಿಸುಕಬಾರದು, ಅರಶಿನ-ಬೂದಿ ಮೆತ್ತಬಾರದು. ಮಗು ಹಾಲು ಬಿಟ್ಟರೆ, ಮೂರು ಗಂಟೆ ಬಿಡದೆ ಅತ್ತರೆ, ಜೋಲುಬಿದ್ದರೆ, ಫಿಟ್ಸ್ ಬಂದರೆ, ಉಸಿರು ಕಷ್ಟವಾದರೆ, ಎರಡು ದಿನ ಕಳೆದರೂ ಜ್ವರ ಬಿಡದಿದ್ದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೊದಲೇ ಏನಾದರೂ ಮದ್ದು ಕೊಟ್ಟಿದ್ದರೆ ನಾಚಿಕೊಳ್ಳದೆ ಹೇಳಬೇಕು, ಪೊಟ್ಟಣವನ್ನೂ ಒಯ್ಯಬೇಕು. ಡಾಕ್ಟರಿಗೆ ಬೇಕಾಗುವುದು ಆ ಮಾಹಿತಿ. ಬೈಗುಳಕ್ಕೆ ಹೆದರಿ ಅದನ್ನು ಮುಚ್ಚಿಟ್ಟರೆ ಕಷ್ಟ ಮಗುವಿಗೆ.

ದೊಡ್ಡಮ್ಮನ ಮೊಮ್ಮಗುವಿಗೆ ಹತ್ತು ವಾರದ ಲಸಿಕೆಯ ದಿನ ಬಂದಾಗ ಅವರೇ ಕೊಡೆ ಹಿಡಿದು ಜೊತೆಗೆ ಹೋದರಂತೆ. ನರ್ಸಮ್ಮನ ಹತ್ತಿರ, "ಜ್ವರ ಬಂದ್ರೆ ಎಷ್ಟ್ ಹನಿ ಹಾಕ್ಕ್, ಬರ್ದ್ ಕೊಡಿ" ಎಂದು ಕೇಳಿ, ಬರೆಸಿಕೊಂಡ ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.