ನಿದ್ದೆಗೆಟ್ಟ ದೆವ್ವಗಳು

ಕಣ್ಣಿಗೆ ಕಾಣದ ಅಂಚನ್ನು ತುಂಡು ಗೆರೆಯಲ್ಲಿ ತೋರಿಸಬೇಕು ಅಂತ ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿನಲ್ಲಿ ಎಲ್ಲರೂ ಕಲಿತಿದ್ದೀವಿ. ಅದೇ ಶೀಟುಗಳ ಬೆನ್ನಿಗೆ ನಾವು ನಾಲ್ವರು ಕಣ್ಣಿಗೆ ಕಾಣದ ದೆವ್ವಗಳನ್ನು ಇಂಡಿಯನ್ ಇಂಕಿನಲ್ಲಿ ದಪ್ಪಗೆ ಬಿಡಿಸುತ್ತಿದ್ವಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ತಾಲ್ಲೂಕಿಗೊಬ್ಬರು. ಗೋಡೆ ಪತ್ರಿಕೆಯ ಕಥೆಗೆ ಚಿತ್ರ ಬೇಕಾದಾಗೆಲ್ಲ ಕನ್ನಡ ಸಂಘದವರು ನಮ್ಮನ್ನೇ ಹಿಡೀತಿದ್ರು. ಪ್ರೇಮಕಥೆ ಕೊಟ್ಟರೂ ಹಿಂದುಗಡೆ ಒಂದು ಹುಣಸೇಮರ, ಅದರಿಂದ ನೇತಾಡುವ ಎರಡು ಕಾಲು ಇರಲೇಬೇಕಿತ್ತು.

ಈಗ ಕೊನೆಯ ಸೆಮಿಸ್ಟರ್. ಆ ಶೀಟುಗಳನ್ನೆಲ್ಲ ಒಟ್ಟಿಗೆ ಹರಡಿ ನೋಡಿದರೆ, ನಮ್ಮ ದೆವ್ವಗಳಿಗೆ ಊರೂ ಇದೆ, ಕಸುಬೂ ಇದೆ.

ಹುಣಸೂರಿನ ಚಿತ್ರದಲ್ಲಿ ಒಂದು ಎತ್ತರದ ಕುರುಡು ಮನೆ, ಬುಡದಲ್ಲಿ ಬೆಂಕಿ, ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಕಪ್ಪು ಆಕೃತಿ. ಆ ಮನೆ ತಂಬಾಕು ಬ್ಯಾರನ್. ವರ್ಜೀನಿಯಾ ತಂಬಾಕಿನ ಎಲೆಗಳನ್ನು ಕಡ್ಡಿಗೆ ಕಟ್ಟಿ ಒಳಗೆ ನೇತುಹಾಕಿದ ಮೇಲೆ 5-6 ದಿನ ಹಗಲೂ ರಾತ್ರಿ ಶಾಖವನ್ನು ಹಂತಹಂತವಾಗಿ ಏರಿಸಬೇಕು. ಹದ ತಪ್ಪಿದರೆ ಎಲೆಯ ಬಣ್ಣ ಕೆಡುತ್ತೆ, ಹರಾಜಿನಲ್ಲಿ ಬೆಲೆ ಬೀಳುತ್ತೆ. ಆ ಕಪ್ಪು ಆಕೃತಿ, ಥರ್ಮಾಮೀಟರ್ ನೋಡ್ತಾ ಸೌದೆ ತಳ್ಳುವ ಅಪ್ಪ.

ಕೋಟೆಯ ಚಿತ್ರಗಳ ತುಂಬ ಕಬಿನಿ ಹಿನ್ನೀರು. 1974ರಲ್ಲಿ ಅಣೆಕಟ್ಟು ಮುಗಿದು ಮುಳುಗಿದ ಕಾಡಿನ ಒಣ ಬೊಡ್ಡೆಗಳು ಈಗಲೂ ನೀರಿನಿಂದ ಕೈಯೆತ್ತಿದ ಹಾಗೆ ನಿಂತಿವೆ. ಪಕ್ಕದಲ್ಲೇ ಮರದ ಮೇಲೆ ಮುದುರಿ ಕೂತ ಗೂಬೆಮುಖದ ಮುದುಕ. ಆನೆ ರಾಗಿ ಹೊಲಕ್ಕೆ ನುಗ್ಗದಿರಲಿ ಅಂತ ಅಟ್ಟಣೆ ಮೇಲೆ ಕಂಬಳಿ ಹೊದ್ದು ಕಾವಲಿರುವ ತಾತ ಅವರು. ಕೆ.ಆರ್. ನಗರದ ಗದ್ದೆ ಬದುವಿನಲ್ಲಿ ಓಡಾಡುವ ಕೊಳ್ಳಿದೆವ್ವ, ನಡುರಾತ್ರಿ ಬ್ಯಾಟರಿ ಹಿಡಿದು ಭತ್ತಕ್ಕೆ ನೀರು ಕಟ್ಟೋಕೆ ಹೊರಟ ಚಿಕ್ಕಪ್ಪ.

ಪಿರಿಯಾಪಟ್ಟಣದ ಶೀಟುಗಳಲ್ಲಿರೋದು ಮಾತ್ರ ಬೈಲಕುಪ್ಪೆಯ ಗೋಡೆಗಳಿಂದ ಬಂದದ್ದು. 1960ರ ದಶಕದಲ್ಲಿ ಅಲ್ಲಿ ನೆಲೆ ಕಂಡ ಟಿಬೆಟನ್ನರ ದೇವಾಲಯಗಳಲ್ಲಿ ತಲೆಬುರುಡೆಯ ಕಿರೀಟ, ಕೋರೆಹಲ್ಲು, ಸುತ್ತ ಉರಿಯ ಜ್ವಾಲೆ ಇರುವ ಉಗ್ರಮೂರ್ತಿಗಳ ಚಿತ್ರಗಳಿವೆ. ಅವರನ್ನು ಧರ್ಮಪಾಲರು ಅಂತಾರೆ. ನಮ್ಮ ಕಾಲಭೈರವನ ಹಾಗೆ, ಮುಖ ಹೆದರಿಸೋದು, ಕೆಲಸ ಕಾಯೋದು.

ಚಂದಮಾಮದ ವಿಕ್ರಮ-ಬೇತಾಳನ ಚಿತ್ರ ಯಾರಿಗೆ ಗೊತ್ತಿಲ್ಲ? ಅದನ್ನು ಬರೆದ ಶಂಕರ್, ಅಂದರೆ ಕೆ.ಸಿ. ಶಿವಶಂಕರನ್, 2020ರಲ್ಲಿ ತೀರಿಕೊಂಡರು. ನಾವೂ ಅದನ್ನು ನೋಡಿ ನೋಡಿ ಗೆರೆ ಎಳೆಯೋದು ಕಲಿತವರೇ. ಆ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳೋದು ಬೇತಾಳ. ಆದರೆ ರಾತ್ರಿಯೆಲ್ಲ ಹೆಣ ಹೊತ್ತು ನಡೆಯೋನು ವಿಕ್ರಮ. ನಮ್ಮ ಶೀಟುಗಳಲ್ಲಿ ಇರೋರೂ ಅಂಥವರೇ, ಊರು ಮಲಗಿದಾಗ ಎಚ್ಚರವಾಗಿದ್ದವರು.

ನಮ್ಮ ಫೀಸು ಬಂದಿದ್ದು ಆ ರಾತ್ರಿಗಳಿಂದ. ನಾಲ್ಕೂ ಮನೆಯಲ್ಲಿ ಮಾತು ಒಂದೇ: “ಈ ನಿದ್ದೆಗೆಡೋ ಬಾಳು ನಿಮಗೆ ಬ್ಯಾಡ ಕಣ್ರಪ್ಪ, ಓದ್ಕೊಳಿ.” ಓದಿದ್ವಿ. ಮೂವರಿಗೆ ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿದೆ, ನಾಲ್ಕನೆಯವರು ಪರೀಕ್ಷೆಗೆ ಓದುತ್ತಿದ್ದಾರೆ. ತಾತನ ನಂತರ ಆ ಅಟ್ಟಣೆ ಹತ್ತೋರು ಯಾರು ಅಂತ ಮನೆಯಲ್ಲಿ ಯಾರೂ ಕೇಳಿಲ್ಲ. ಕೇಳಿದ್ದರೆ ನಮ್ಮ ಹತ್ತಿರ ಉತ್ತರವೂ ಇಲ್ಲ.

ಹೊರಡುವ ಮುಂಚೆ ಗೋಡೆ ಪತ್ರಿಕೆಗೆ ಇನ್ನೊಂದು ಸರಣಿ ಬರೆಯೋಣ ಅಂತಿದ್ದೀವಿ. ಅದೇ ಬ್ಯಾರನ್, ಅದೇ ಅಟ್ಟಣೆ, ಅದೇ ಕತ್ತಲು. ಈ ಸಲ ಮುಖಗಳು ಮನೆಯವರಿಗೆ ಗುರುತು ಸಿಗೋ ಹಾಗಿರಬೇಕು. ಅದು ದೆವ್ವ ಬರೆದಷ್ಟು ಸುಲಭ ಅಲ್ಲ, ಸುಮಾರು ಶೀಟು ಹಾಳಾಗುತ್ತೆ. ಹಾಸ್ಟೆಲಿನಲ್ಲಿ ಯಾರ ಹತ್ತಿರವಾದರೂ ಇಂಕ್ ಉಳಿದಿದ್ದರೆ ಕೊಟ್ಟು ಪುಣ್ಯ ಕಟ್ಕೊಳ್ಳಿ.