ಕ್ಯಾರಿಯರ್ ಎಂದರೆ ಊಟದ ಡಬ್ಬಿಯಲ್ಲ!

ಕ್ಯಾರಿಯರ್ ಎಂದೊಡನೆ ನಮ್ಮಂಥ ಗೃಹಿಣಿಯರ ಕಣ್ಣಿಗೆ ಕಟ್ಟುವುದು ಮೂರು ಬಟ್ಟಲಿನ ಊಟದ ಡಬ್ಬಿ. ಆದರೆ ವಿಮಾನದ ಟಿಕೆಟ್ಟಿನೊಂದಿಗೆ ಬರುವ ಷರತ್ತುಗಳಲ್ಲಿ ಕ್ಯಾರಿಯರ್ ಎಂದರೆ ವಿಮಾನ ಸಂಸ್ಥೆ! ಹೊತ್ತೊಯ್ಯುವವರು ಎಂಬ ಅರ್ಥವಂತೆ. ಅಲ್ಲಿಗೆ ಅನ್ನ, ಸಾರು, ಪಲ್ಯ ನಾವೇ ಆದೆವಲ್ಲ!

ಎರಡು ವರ್ಷದ ಹಿಂದೆ ನಮ್ಮಕ್ಕ ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಒಬ್ಬಳೇ ಹೊರಟಾಗ ಈ ಷರತ್ತುಗಳ ಕಂತೆ ನನ್ನ ಕೈಗೆ ಬಂತು. "ನೀನಾದರೂ ಎಸ್ಸೆಸ್ಸೆಲ್ಸಿ ಮಾಡಿದೀಯ, ಸ್ವಲ್ಪ ನೋಡೇ" ಅಂದಳು. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ "ಅದನ್ನೆಲ್ಲ ಯಾರೂ ಓದೋದಿಲ್ಲ" ಎಂದರು. ಅದಕ್ಕೇ ಹಟ ಬಂದು ಡಿಕ್ಷನರಿ ಹಿಡಿದು ಕೂತೆ.

ಮೊದಲ ಗೊಂದಲ ಡೈರೆಕ್ಟ್ ಮತ್ತು ನಾನ್-ಸ್ಟಾಪ್. ಎರಡೂ ಒಂದೇ ಎಂದು ಅಕ್ಕನ ವಾದ. ಅಲ್ಲ. ನಾನ್-ಸ್ಟಾಪ್ ಎಂದರೆ ಎಲ್ಲೂ ಇಳಿಯದೆ ಹೋಗುವುದು. ಡೈರೆಕ್ಟ್ ಎಂದರೆ ಒಂದೇ ನಂಬರಿನ ವಿಮಾನ, ಅಷ್ಟೇ. ನಡುವೆ ಇಳಿದು ಏಳಬಹುದು. ಬೆಂಗಳೂರಿನಿಂದ ಶಿವಮೊಗ್ಗದ ಬಸ್ಸು ಅರಸೀಕೆರೆ, ಕಡೂರು ಅಂತ ನಿಂತು ಹೋಗುವುದಿಲ್ಲವೆ, ಹಾಗೆ. ಕೆಲವೊಮ್ಮೆ ಅದೇ ನಂಬರಿನಲ್ಲೇ ವಿಮಾನವನ್ನೂ ಬದಲಿಸುತ್ತಾರೆ. ಮಂಡಿನೋವಿನ ಹೆಂಗಸಿಗೆ ಇದು ಸಣ್ಣ ಮಾತೇ? ದುಡ್ಡು ಹೆಚ್ಚಾದರೂ ನಾನ್-ಸ್ಟಾಪ್ ಟಿಕೆಟ್ಟೇ ತೆಗೆಸಿದೆವು.

ಇನ್ನು ಚೆಕ್ಡ್, ಅನ್‌ಚೆಕ್ಡ್ ಸಾಮಾನು. ತಪಾಸಣೆ ಆದದ್ದು, ಆಗದ್ದು ಎಂದು ಅರ್ಥವಲ್ಲ. ತಪಾಸಣೆ ಎರಡಕ್ಕೂ ಉಂಟು. ಕೌಂಟರಿನಲ್ಲಿ ಒಪ್ಪಿಸಿ ಚೀಟಿ ಕಟ್ಟಿಸಿದ್ದು ಚೆಕ್ಡ್, ನಮ್ಮ ಕೈಯಲ್ಲೇ ಉಳಿದದ್ದು ಅನ್‌ಚೆಕ್ಡ್. ಅಕ್ಕನ ಒಂದು ಪೆಟ್ಟಿಗೆ, ಕೂಸಿಗೆಂದು ಒಗೆದು ಮೆತ್ತಗೆ ಮಾಡಿದ ಹಳೇ ಸೀರೆಗಳೆಲ್ಲ ಇದ್ದದ್ದು, ಲಂಡನ್ ಮುಟ್ಟಲೇ ಇಲ್ಲ! ಕೌಂಟರಿನಾಕೆ ನಗುನಗುತ್ತಾ "ಬರುತ್ತೆ, ಬರುತ್ತೆ" ಅಂದಳಂತೆ. ಆದರೆ ಬಾಯಿಮಾತು ಲೆಕ್ಕಕ್ಕಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ (ಭಾರತ ಅದಕ್ಕೆ ಸೇರಿದ್ದು 2009ರಲ್ಲಿ) ದೂರು ಬರವಣಿಗೆಯಲ್ಲೇ ಇರಬೇಕು. ಒಪ್ಪಿಸಿದ ಸಾಮಾನು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದರೆ ಬಂದ ದಿನದಿಂದ 21 ದಿನದೊಳಗೆ. ಆ ಸಾಲಿಗೆ ನಾನು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ ಕಳಿಸಿದ್ದೆ. ಮಗಳು ಅಂದೇ ಬರೆದುಕೊಟ್ಟಳು. ಪೆಟ್ಟಿಗೆ ನಾಲ್ಕನೇ ದಿನ ಬಂತು. ಆ ನಡುವೆ ಕೊಂಡ ಬಟ್ಟೆಬರೆಯ ರಶೀದಿ ಜೋಡಿಸಿ ಮತ್ತೊಂದು ಕಾಗದ ಹಾಕಿದ ಮೇಲೆ ಖರ್ಚಿನ ಹಣವೂ, ಪೂರ್ತಿ ಅಲ್ಲದಿದ್ದರೂ, ಬಂತು.

ನಾನ್-ರಿಫಂಡಬಲ್ ಎಂಬ ಪದ ಕಂಡರೆ ಹೆದರಿ ಸುಮ್ಮನಾಗುವವರೇ ಹೆಚ್ಚು. ನಮ್ಮ ಮಾವನವರಿಗೆ ಹುಷಾರು ತಪ್ಪಿ ದೆಹಲಿ ಪ್ರಯಾಣ ನಿಂತಾಗ ಏಜೆಂಟ್ "ಬಿಡಿಗಾಸೂ ಬರೋಲ್ಲ" ಎಂದುಬಿಟ್ಟ. ಆದರೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ 2016ರ ನಿಯಮದಂತೆ ಇಂಥ ಟಿಕೆಟ್ಟಿನಲ್ಲೂ ಸರ್ಕಾರದ ತೆರಿಗೆ, ನಿಲ್ದಾಣದ ಬಳಕೆಯ ಶುಲ್ಕ ಇವನ್ನು ಪ್ರಯಾಣಿಕರಿಗೆ ಹಿಂದಿರುಗಿಸಲೇಬೇಕು. ಮೂಲ ದರ ಮತ್ತು ಇಂಧನದ ಬಾಬ್ತು ಸೇರಿದ್ದಕ್ಕಿಂತ ಹೆಚ್ಚು ರದ್ದತಿ ಶುಲ್ಕ ಮುರಿಯುವ ಹಾಗಿಲ್ಲ. ಕೇಳಿದೆವು, ಬಂತು. ಏಜೆಂಟನ ಮುಖ ನೋಡಬೇಕಿತ್ತು!

ಒಂದು ತಮಾಷೆ ಗಮನಿಸಿ. ನಾವು ಮಾಡಬೇಕಾದ ಕಡೆಯೆಲ್ಲ 'ಷಲ್', ಅವರು ಮಾಡಬೇಕಾದ ಕಡೆ ಬಹುಪಾಲು 'ಮೇ'. ಸ್ಕೂಲಿನಲ್ಲಿ "ಮೇ ಐ ಕಮಿನ್, ಮಿಸ್" ಎಂದು ಕೈಕಟ್ಟಿ ಕೇಳುತ್ತಿದ್ದ ಆ ವಿನಯದ ಪದವೇ ಇಲ್ಲಿ "ಮನಸ್ಸಿದ್ದರೆ ಮಾಡುತ್ತೇವೆ" ಎಂದಾಗಿದೆ.

ಹಾಂ, ಇನ್‌ಫ್ಯಾಂಟ್ ಎಂದರೆ ಎರಡು ವರ್ಷ ತುಂಬದ ಮಗು. ಟಿಕೆಟ್ ಕೊಂಡ ದಿನದ ವಯಸ್ಸಲ್ಲ, ಪ್ರಯಾಣದ ದಿನದ್ದು. ವಾಪಸು ಹೋಗುವಷ್ಟರಲ್ಲಿ ಎರಡು ತುಂಬಿದರೆ ಬೇರೆ ಸೀಟೇ ಬೇಕು. ಅಕ್ಕನ ಮೊಮ್ಮಗಳಿಗೆ ಬರುವ ಮಾರ್ಗಶಿರಕ್ಕೆ ಎರಡು ತುಂಬುತ್ತದೆ. ಅದಕ್ಕೇ ತಾಯಿ-ಮಗು ದಸರೆಗೇ ಬಂದು, ದೀಪಾವಳಿ ಮುಗಿಸಿ ಹೊರಡುವುದೆಂದು ನಿಶ್ಚಯವಾಗಿದೆ.